ಫೈಟಿಂಗ್ ರೋಬೋ ಕಟ್ಟಿದರೆ ದುಡ್ಡು ಎಲ್ಲಿಗೆ ಹೋಗುತ್ತದೆ

"ಒಂದು ಫೈಟಿಂಗ್ ರೋಬೋಗೆ ಎಷ್ಟಾಗುತ್ತದೆ?" ಬಳ್ಳಾರಿಯಲ್ಲಿ ನಮ್ಮ ಹುಡುಗರ ಕೆಲಸ ನೋಡಿದವರೆಲ್ಲ ಮೊದಲು ಕೇಳುವುದು ಇದನ್ನೇ. ಅಪ್ಪ ಅಮ್ಮ ಕೇಳುತ್ತಾರೆ, ಕಾಲೇಜಿನ ಮೇಷ್ಟ್ರು ಕೇಳುತ್ತಾರೆ, ಪಕ್ಕದ ಚಹಾ ಅಂಗಡಿಯವರೂ ಕೇಳುತ್ತಾರೆ. ಹದಿನೈದು ಸಾವಿರ ಅಂತ ಹೇಳಿ ಮುಗಿಸಬಹುದು. ಆದರೆ ಹಾಗೆ ಹೇಳಿದರೆ ಅರ್ಧ ಮಾತು ಮಾತ್ರ ಹೇಳಿದ ಹಾಗೆ. ಈ ಯಂತ್ರ ಹುಟ್ಟುವುದೇ ಇನ್ನೊಂದು ಯಂತ್ರದಿಂದ ಏಟು ತಿನ್ನಲಿಕ್ಕೆ. ಕಟ್ಟುವ ಖರ್ಚು ಒಂದು ಲೆಕ್ಕ, ಮುರಿದಾಗ ಮತ್ತೆ ಎಬ್ಬಿಸಿ ನಿಲ್ಲಿಸುವ ಖರ್ಚು ಬೇರೆಯೇ ಲೆಕ್ಕ. ಎರಡನೆಯದನ್ನು ಯಾರೂ ಕೇಳುವುದಿಲ್ಲ.

ನಾನು ತೋರಣಗಲ್ಲು ಕಡೆಯ ಒಂದು ಪ್ಲಾಂಟಿನಲ್ಲಿ ಮೆಂಟೆನೆನ್ಸ್ ಕೆಲಸ ಮಾಡುತ್ತೇನೆ. ಸಂಜೆ ಹೊತ್ತು, ರಜೆ ದಿನ, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರ ಜೊತೆ ಸೇರಿ ರೋಬೋ ಕಟ್ಟುತ್ತೇನೆ. ಹಾಗಾಗಿ ಈ ಖರ್ಚಿನ ವಿಷಯ ನನಗೆ ಬಾಯಿಪಾಠವಾಗಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪಾಲಿಕಾರ್ಬೊನೇಟ್ ಶೀಟಿನಿಂದ ಮುಚ್ಚಿದ ಒಂದು ಕಣ ಇರುತ್ತದೆ, ಅದಕ್ಕೆ ಅರೀನಾ ಅನ್ನುತ್ತೇವೆ. ಒಳಗೆ ಎರಡು ರೋಬೋ, ಹೊರಗೆ ರಿಮೋಟ್ ಹಿಡಿದು ಇಬ್ಬರು. ಎರಡೋ ಮೂರೋ ನಿಮಿಷದ ಕಾಳಗ. ಎದುರಾಳಿ ಅಲ್ಲಾಡದೆ ನಿಂತರೆ ಗೆಲುವು, ಇಲ್ಲದಿದ್ದರೆ ತೀರ್ಪುಗಾರರು ಹೇಳುತ್ತಾರೆ. 1994ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರ್ಕ್ ಥಾರ್ಪ್ ಎಂಬಾತ ಮೊದಲ ರೋಬೋಟ್ ವಾರ್ಸ್ ನಡೆಸಿದ. ರಿಮೋಟ್‌ನಿಂದ ಓಡುವ ವ್ಯಾಕ್ಯೂಮ್ ಕ್ಲೀನರ್ ಮಾಡಲು ಹೋಗಿ ಅದು ಕೈಗೂಡದೆ, ಅದರಿಂದ ಈ ಆಟದ ಯೋಚನೆ ಹೊಳೆದದ್ದು. ಆಮೇಲೆ ಬ್ರಿಟನ್ ಟಿವಿ, ಅಮೆರಿಕದ ಬ್ಯಾಟಲ್‌ಬಾಟ್ಸ್ ಟಿವಿ ಶೋ, ನಮ್ಮಲ್ಲಿ ಐಐಟಿ ಬಾಂಬೆಯ ಟೆಕ್‌ಫೆಸ್ಟ್, ಹೀಗೆ ಬೆಳೆಯಿತು. ಬ್ಯಾಟಲ್‌ಬಾಟ್ಸ್‌ನಲ್ಲಿ ಕಾಣುವ ದೊಡ್ಡ ರೋಬೋಗಳ ತೂಕದ ಮಿತಿ 250 ಪೌಂಡ್, ಅಂದರೆ ಸುಮಾರು 113 ಕೆ.ಜಿ. ಅದನ್ನು ಯೂಟ್ಯೂಬ್‌ನಲ್ಲಿ ನೋಡಿಯೇ ಹುಡುಗರು ಬರುತ್ತಾರೆ. ಬಂದ ಕೂಡಲೇ ಅಂಥದ್ದೇ ಬೇಕು ಅನ್ನುತ್ತಾರೆ.

ಬೇಡ. ಅದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ನಮ್ಮ ಕಾಲೇಜು ಫೆಸ್ಟ್‌ಗಳಲ್ಲಿ 8, 15, 30, 60 ಕೆ.ಜಿ. ವರ್ಗಗಳು ಇರುತ್ತವೆ. ಅವಕ್ಕಿಂತ ಕೆಳಗೆ ಒಂದೂವರೆ ಕೆ.ಜಿ.ಯ ಸಣ್ಣ ವರ್ಗ ಇದೆ, ಬೀಟಲ್‌ವೇಟ್. ಶುರು ಮಾಡುವವರು ಅಲ್ಲಿಂದಲೇ ಶುರು ಮಾಡಬೇಕು. ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ. ಅಷ್ಟು ತೂಕ ದಬ್ಬುವ ಮೋಟಾರು, ಅದಕ್ಕೆ ಕರೆಂಟು ಕೊಡುವ ಬ್ಯಾಟರಿ, ಆ ಬ್ಯಾಟರಿಗೆ ತಕ್ಕ ಚಾರ್ಜರು, ಏಟು ತಡೆಯುವ ಗೋಡೆ, ಎಲ್ಲವೂ ಜೊತೆಗೆ ಬೆಳೆಯುತ್ತವೆ. 15 ಕೆ.ಜಿ. ರೋಬೋ ಮಾಡಲು ಹೊರಟ ತಂಡ ಲಕ್ಷದ ಹತ್ತಿರ ಹೋಗುವುದು ಏನೂ ಕಷ್ಟವಲ್ಲ. ಅದು ಮೊದಲ ಫೈಟಿನಲ್ಲೇ ಒಂದು ವೈರ್ ಬಿಚ್ಚಿಕೊಂಡು ನಿಂತುಬಿಟ್ಟರೆ ಲಕ್ಷ ರೂಪಾಯಿ ಕಲಿಸುವುದೂ ಅದೇ ಪಾಠ, ಹದಿನೈದು ಸಾವಿರ ಕಲಿಸುವುದೂ ಅದೇ ಪಾಠ.

ಈಗ ಒಂದೂವರೆ ಕೆ.ಜಿ. ರೋಬೋದ ಆ ಹದಿನೈದು ಸಾವಿರವನ್ನು ಬಿಡಿಸಿ ನೋಡೋಣ. ಫ್ಲೈಸ್ಕೈ ಎಫ್‌ಎಸ್-ಐ6 ರಿಮೋಟು ರಿಸೀವರ್ ಸಮೇತ ನಾಲ್ಕೈದು ಸಾವಿರ. ಇದು ಒಂದು ಸಲದ ಖರ್ಚು, ಮುಂದಿನ ಎಲ್ಲ ರೋಬೋಗಳಿಗೂ ಅದೇ ನಡೆಯುತ್ತದೆ, ಹಾಗಾಗಿ ಅದನ್ನು ಮೊದಲ ರೋಬೋದ ತಲೆಗೆ ಕಟ್ಟಬಾರದು. ಎದುರಾಳಿಗೆ ಏಟು ಕೊಡುವ ಬ್ಲೇಡ್ ತಿರುಗಿಸಲು ಡ್ರೋನಿನ ಬ್ರಷ್‌ಲೆಸ್ ಮೋಟಾರು, ಅದರ ವೇಗ ಹಿಡಿತದಲ್ಲಿಟ್ಟು ನಡೆಸುವ ಸರ್ಕ್ಯೂಟು ಅಂದರೆ ಇಎಸ್‌ಸಿ, ಚಕ್ರಕ್ಕೆ ಗೇರ್ ಇರುವ ಪುಟ್ಟ ಮೋಟಾರುಗಳು, ಅವಕ್ಕೆ ಇನ್ನೊಂದು ಇಎಸ್‌ಸಿ, ಮೂರು ಸೆಲ್ಲಿನ ಲೀಪೋ (ಲೀಥಿಯಂ ಪಾಲಿಮರ್) ಬ್ಯಾಟರಿ. ಇವೆಲ್ಲ ಸೇರಿ ಇನ್ನೊಂದು ಆರೇಳು ಸಾವಿರ. ಉಳಿದದ್ದು ಉಕ್ಕಿನ ಪಟ್ಟಿ, ಶೀಟು, ಬೇರಿಂಗ್, ನಟ್ಟು ಬೋಲ್ಟು, ಕೊರಿಯರ್, ಲೇತಿನ ಕೂಲಿ.

ಗಮನಿಸಿ, ಎಲೆಕ್ಟ್ರಾನಿಕ್ಸ್ ಯಾವುದೂ ನಮ್ಮೂರಿನದಲ್ಲ. ಆನ್‌ಲೈನ್ ತರಿಸಬೇಕು, ಇಲ್ಲವೇ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು. ಒಂದು ಇಎಸ್‌ಸಿ ಸುಟ್ಟರೆ ಬೆಂಗಳೂರಿನ ತಂಡ ಮಧ್ಯಾಹ್ನದೊಳಗೆ ಹೊಸದು ಹಾಕಿಕೊಳ್ಳುತ್ತದೆ. ನಮ್ಮವರು ಕೊರಿಯರ್ ದಾರಿ ಕಾಯಬೇಕು. ಲೀಥಿಯಂ ಬ್ಯಾಟರಿಯನ್ನು ಎಷ್ಟೋ ಕೊರಿಯರಿನವರು ವಿಮಾನದಲ್ಲಿ ಕಳಿಸುವುದಿಲ್ಲ, ರಸ್ತೆಯಲ್ಲೇ ಬರಬೇಕು, ಅದು ಇನ್ನೂ ತಡ. ಅದಕ್ಕೇ ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಕಡೆ ಒಂದಕ್ಕೆ ಎರಡು ತರಿಸಿ ಇಟ್ಟುಕೊಳ್ಳಲೇಬೇಕು. ದೂರಕ್ಕೂ ಒಂದು ಬೆಲೆ ಇದೆ, ಅದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಇಷ್ಟು ಖರ್ಚು ಮಾಡಿದ ವಸ್ತು ಯಾಕೆ ಮುರಿಯುತ್ತದೆ ಅಂತ ತಿಳಿಯಬೇಕಾದರೆ ಬ್ಲೇಡಿನ ಲೆಕ್ಕ ನೋಡಬೇಕು. ನಮ್ಮ ಬ್ಲೇಡು ಹದಿನೈದು ಸೆಂಟಿಮೀಟರ್ ಉದ್ದ, ನೂರು ಗ್ರಾಂ ತೂಕ. ಕೈಯಲ್ಲಿ ಹಿಡಿದರೆ ಏನೂ ಅನ್ನಿಸುವುದಿಲ್ಲ. ನಿಮಿಷಕ್ಕೆ 10,000 ಸುತ್ತು ತಿರುಗಿದಾಗ ಅದರಲ್ಲಿ ಸುಮಾರು 100 ಜೂಲ್ ಶಕ್ತಿ ಇರುತ್ತದೆ. ಒಂದು ಕೆ.ಜಿ. ಕಲ್ಲನ್ನು ಮೂರನೇ ಮಹಡಿಯ ಮೇಲಿಂದ, ಹತ್ತು ಮೀಟರ್ ಎತ್ತರದಿಂದ ಬಿಟ್ಟರೆ ನೆಲಕ್ಕೆ ಬೀಳುವಾಗ ಎಷ್ಟಿರುತ್ತದೋ ಅಷ್ಟು. ವೇಗ ಎರಡು ಪಟ್ಟು ಮಾಡಿದರೆ ಶಕ್ತಿ ನಾಲ್ಕು ಪಟ್ಟು. ಮತ್ತೆ ಆ ಏಟು ಎದುರಾಳಿಗೆ ಮಾತ್ರ ಬೀಳುವುದಿಲ್ಲ, ಅಷ್ಟೇ ಬಲ ತಿರುಗಿ ನಮ್ಮ ಬೇರಿಂಗಿಗೆ, ನಮ್ಮ ಮೋಟಾರಿಗೆ, ನಮ್ಮ ಬೆಸುಗೆಗೆ ಬರುತ್ತದೆ. ನ್ಯೂಟನ್ನನ ಮೂರನೇ ನಿಯಮವನ್ನು ಹುಡುಗರು ಹೈಸ್ಕೂಲಿನಲ್ಲಿ ಬರೆದು ಪಾಸಾಗಿರುತ್ತಾರೆ, ಇಲ್ಲಿ ಅದಕ್ಕೆ ದುಡ್ಡು ಕಟ್ಟುತ್ತಾರೆ.

ಗೆದ್ದ ರೋಬೋ ಕೂಡ ಸುಮ್ನೆ ಹೊರಗೆ ಬರುವುದಿಲ್ಲ. ಸಣ್ಣ ಮೋಟಾರಿನ ಗೇರ್ ಹಲ್ಲು ಉದುರಿರುತ್ತದೆ. ಬ್ರಷ್‌ಲೆಸ್ ಮೋಟಾರಿನೊಳಗಿನ ಮ್ಯಾಗ್ನೆಟ್ ಸೀಳಿರುತ್ತದೆ. ಬ್ಲೇಡು ಎಲ್ಲೋ ಸಿಕ್ಕಿಕೊಂಡು ನಿಂತ ಕ್ಷಣದಲ್ಲಿ ಕರೆಂಟು ಏರಿ ಇಎಸ್‌ಸಿ ಸುಟ್ಟಿರುತ್ತದೆ, ಆ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಇವೆಲ್ಲಕ್ಕಿಂತ ಜಾಸ್ತಿ ರೋಬೋಗಳು ಸೋಲುವುದು ಸಾಮಾನ್ಯ ಕಾರಣಕ್ಕೆ, ಒಂದು ಕನೆಕ್ಟರ್ ಬಿಟ್ಟುಕೊಂಡಿರುತ್ತದೆ, ಒಂದು ನಟ್ಟು ಸಡಿಲವಾಗಿರುತ್ತದೆ. ಸುಲಭಕ್ಕೆ ಸಡಿಲವಾಗದ, ಕೆಲವೇ ರೂಪಾಯಿಯ ನೈಲಾಕ್ ನಟ್ಟು, ಬೋಲ್ಟು ಬಿಚ್ಚದಂತೆ ಹಿಡಿಯುವ ಥ್ರೆಡ್ ಲಾಕರ್ ಅಂಟು ಒಂದು ತೊಟ್ಟು, ರಿಸೀವರ್ ಸುತ್ತ ಒಂದು ತುಂಡು ಫೋಮು. ಇಷ್ಟು ಹಾಕಿದವರು ಹಾಕದವರಿಗಿಂತ ಕಡಿಮೆ ದುಡ್ಡಿನಲ್ಲಿ ಹೆಚ್ಚು ಫೈಟು ಆಡುತ್ತಾರೆ. ಖರ್ಚನ್ನು ರೋಬೋ ಲೆಕ್ಕದಲ್ಲಿ ಹೇಳಬೇಡಿ, ಫೈಟಿನ ಲೆಕ್ಕದಲ್ಲಿ ಹೇಳಿ ಅಂತ ನಾನು ಹುಡುಗರಿಗೆ ಹೇಳುವುದು ಇದಕ್ಕೇ. ಹದಿನೈದು ಸಾವಿರದ ರೋಬೋ ಒಂದು ಫೈಟು ಆಡಿ ಮೂಲೆ ಸೇರಿದರೆ ಒಂದು ಫೈಟಿಗೆ ಹದಿನೈದು ಸಾವಿರ. ಅದೇ ರೋಬೋಗೆ ಇನ್ನೊಂದು ಐದು ಸಾವಿರದ ಬಿಡಿಭಾಗ ಹಾಕಿ ಹತ್ತು ಫೈಟು ಆಡಿಸಿದರೆ ಒಂದಕ್ಕೆ ಎರಡು ಸಾವಿರ.

ಎಲೆಕ್ಟ್ರಾನಿಕ್ಸ್‌ನಲ್ಲಿ ನಾವು ಕಳೆದುಕೊಳ್ಳುವುದನ್ನು ಕಬ್ಬಿಣದಲ್ಲಿ ಗಳಿಸುತ್ತೇವೆ. ಇದು ಬಳ್ಳಾರಿ ಅಲ್ವಾ! ಸಂಡೂರಿನ ಗಣಿ, ತೋರಣಗಲ್ಲಿನ ಉಕ್ಕು, ಹೊಸಪೇಟೆ ರಸ್ತೆಯುದ್ದಕ್ಕೂ ಲಾರಿ, ಲಾರಿ ರಿಪೇರಿ, ವೆಲ್ಡಿಂಗ್ ಶಾಪು. ಅದಿರು ಹೊರುವ ಟಿಪ್ಪರಿನ ತಳಕ್ಕೆ, ಅಗೆಯುವ ಯಂತ್ರದ ಬಕೆಟ್ಟಿಗೆ ಸವೆಯದ ಗಟ್ಟಿ ಪ್ಲೇಟು ಹಾಕುತ್ತಾರೆ. ಸಾದಾ ಕಬ್ಬಿಣಕ್ಕಿಂತ ಮೂರು ನಾಲ್ಕು ಪಟ್ಟು ಗಡಸು. ಬೇರೆ ಊರಿನ ತಂಡಗಳು ಇದನ್ನೇ ಹೆಸರು ಹೇಳಿ, ಅಳತೆ ಕೊಟ್ಟು, ದುಬಾರಿ ಬೆಲೆಗೆ ತರಿಸುತ್ತಾರೆ. ನಮಗೆ ಅದರ ತುಂಡುಗಳು ಗುಜರಿಯಲ್ಲಿ ಕೆ.ಜಿ. ಲೆಕ್ಕಕ್ಕೆ ಸಿಗುತ್ತವೆ. ಅದಿರು ಪುಡಿ ಅಂಟಿಕೊಳ್ಳದಿರಲಿ ಅಂತ ಕನ್ವೇಯರ್ ಚ್ಯೂಟಿನ ಒಳಗೆ ಹಾಕುವ ಬಿಳಿ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಯುಎಚ್‌ಎಂಡಬ್ಲ್ಯು ಪಾಲಿಎಥಿಲೀನ್, ಅದು ರೋಬೋ ಚಾಸಿಗೆ ಹೇಳಿ ಮಾಡಿಸಿದ ವಸ್ತು. ನೀರಿನ ಮೇಲೆ ತೇಲುವಷ್ಟು ಹಗುರ, ಏಟಿಗೆ ಸೀಳುವುದಿಲ್ಲ, ಬಾಗಿ ಮತ್ತೆ ಸರಿಯಾಗುತ್ತದೆ. ಆದರೆ ಅಗ್ಗ ಅಂತ ಪೂರ್ತಿ ನಂಬಬೇಡಿ. ಆ ಗಡಸು ಪ್ಲೇಟಿಗೆ ಸಾದಾ ಡ್ರಿಲ್ ಬಿಟ್ ಹಚ್ಚಿದರೆ ಬಿಟ್ಟಿನ ಮೊನೆ ಹೋಗುತ್ತದೆಯೇ ಹೊರತು ತೂತು ಬೀಳುವುದಿಲ್ಲ. ಕೋಬಾಲ್ಟ್ ಬಿಟ್ ಬೇಕು, ನಿಧಾನ ವೇಗ ಬೇಕು, ಎಣ್ಣೆ ಬಿಡುತ್ತಿರಬೇಕು. ಪ್ಲೇಟಿಗಿಂತ ಬಿಟ್ಟಿನ ಖರ್ಚೇ ಜಾಸ್ತಿಯಾಗುವುದುಂಟು.

ಬ್ಲೇಡಿಗೆ ನಾವು ಬಳಸುವುದು ಸಣ್ಣ ಗೂಡ್ಸ್ ಗಾಡಿಯ ಲೀಫ್ ಸ್ಪ್ರಿಂಗ್ ಪಟ್ಟಿ. ಅದು ಫ್ಯಾಕ್ಟರಿಯಿಂದಲೇ ಹದ ಮಾಡಿ ಬಂದ ಉಕ್ಕು. ಗ್ಯಾಸ್ ಕಟರ್ ಹಚ್ಚಿದರೆ ಅಂಚು ಕೆಂಪಗೆ ಕಾದು ಹದ ಕೆಡುತ್ತದೆ, ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಪೆಡಸು. ಆದ್ದರಿಂದ ಗ್ರೈಂಡರಿನ ಕಟಿಂಗ್ ವೀಲಿನಲ್ಲಿ, ಆಗಾಗ ನೀರಿಗದ್ದಿ, ತಾಳ್ಮೆಯಿಂದ ಕೊಯ್ಯಬೇಕು. ಇನ್ನೊಂದು ಅಪಾಯ ಇದೆ. ಹಳೇ ಪಟ್ಟಿ ವರ್ಷಗಟ್ಟಲೆ ಬಾಗಿ ಬಾಗಿ ದಣಿದಿರುತ್ತದೆ, ಕಣ್ಣಿಗೆ ಕಾಣದ ಬಿರುಕು ಇರಬಹುದು. ಅದು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನಲ್ಲಿ ತುಂಡಾದರೆ ಗುಂಡಿನ ಹಾಗೆ ಹಾರುತ್ತದೆ.

ಕೌಲ್ ಬಜಾರಿನ ಕಡೆ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಬಿರುಕು ನೋಡುವುದನ್ನು ಹುಡುಗರಿಗೆ ಕಲಿಸಿದವರು ಅವರು. ಪಟ್ಟಿಯನ್ನು ತಂತಿ ಬ್ರಷ್ಷಿನಲ್ಲಿ ಬೆಳ್ಳಗೆ ಉಜ್ಜಿ, ಸೀಮೆಎಣ್ಣೆಯಲ್ಲಿ ಸ್ವಲ್ಪ ಹೊತ್ತು ನೆನೆಸಿಟ್ಟರು. ತೆಗೆದು ಬಟ್ಟೆಯಿಂದ ಒಣಗುವ ಹಾಗೆ ಒರೆಸಿದರು. ಆಮೇಲೆ ಸೀಮೆಸುಣ್ಣದ ಪುಡಿಯನ್ನು ಮೇಲೆಲ್ಲ ತೆಳ್ಳಗೆ ಬಳಿದು, ನೆರಳಿನಲ್ಲಿಟ್ಟು ಬೇರೆ ಕೆಲಸಕ್ಕೆ ಹೋದರು. ಹುಡುಗರು ಬಗ್ಗಿ ನೋಡುತ್ತಲೇ ಇದ್ದರು. ಬಿಳಿ ಪುಡಿಯ ನಡುವೆ, ಬೋಲ್ಟ್ ತೂತಿನ ಪಕ್ಕದಿಂದ, ಕೂದಲೆಳೆಯಷ್ಟು ಸಣ್ಣ ಒದ್ದೆ ಗೆರೆ ನಿಧಾನವಾಗಿ ಮೂಡಿತು. ಬಿರುಕಿನೊಳಗೆ ಹೊಕ್ಕಿದ್ದ ಎಣ್ಣೆಯನ್ನು ಸುಣ್ಣ ಹೊರಗೆ ಹೀರಿಕೊಂಡಿತ್ತು. "ಇದು ಬ್ಯಾಡ ತಮ್ಮಾ, ಬ್ಯಾರೆ ಪಟ್ಟಿ ತಗೊಂಡ್ ಬಾ" ಅಂದರು ಅಷ್ಟೇ. ಅದೇ ತತ್ವದ ಮೇಲೆ ಪ್ಲಾಂಟಿನಲ್ಲಿ ನಾವು ಬಣ್ಣದ ದ್ರಾವಣ ಹಾಕಿ ವೆಲ್ಡಿಂಗ್ ಪರೀಕ್ಷೆ ಮಾಡುತ್ತೇವೆ. ಈ ಮಿಸ್ತ್ರಿಗೆ ಯಾವ ಸರ್ಟಿಫಿಕೇಟೂ ಇಲ್ಲ.

ನಾನು ಈ ಬರಹ ಬರೆಯಲು ಕೂತದ್ದೇ ಈ ಮಿಸ್ತ್ರಿಗಳ ಕೂಲಿಯ ವಿಷಯಕ್ಕೆ. ಹುಡುಗರು ಮೂರು ಸಾವಿರದ ಇಎಸ್‌ಸಿಯನ್ನು ಮೊಬೈಲಿನಲ್ಲಿ ಒತ್ತಿ ಕೊಳ್ಳುತ್ತಾರೆ, ಒಂದು ಮಾತು ಚೌಕಾಸಿ ಇಲ್ಲ, ಮೇಲೆ ಶಿಪ್ಪಿಂಗ್ ಚಾರ್ಜು ಬೇರೆ. ಅದೇ ಹುಡುಗರು ಲೇತಿನ ಮುಂದೆ ನಿಂತು ಆರುನೂರು ಕೇಳಿದ ಮಿಸ್ತ್ರಿಗೆ ನಾನೂರು ತಗೊಳ್ಳಿ ಅನ್ನುತ್ತಾರೆ. ಆತ ಮಾಡಿಕೊಡುವುದೇನು? ಬ್ಲೇಡನ್ನು ಶಾಫ್ಟಿಗೆ ಹಿಡಿಸುವ ಹಬ್. ಅದರ ತೂತು ನಟ್ಟನಡುವೆ ಇರಬೇಕು, ಬೇರಿಂಗ್ ಬಿಗಿಯಾಗಿ ಕೂರಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಹತ್ತು ಸಾವಿರ ಸುತ್ತಿನಲ್ಲಿ ಇಡೀ ರೋಬೋ ನಡುಗಿ, ಬೇರಿಂಗ್ ತಿಂದು, ಬೆಸುಗೆ ಬಿಚ್ಚಿಸುತ್ತದೆ. ಹಬ್ ಸರಿ ಇಲ್ಲದಿದ್ದರೆ ಆ ಮೂರು ಸಾವಿರದ ಇಎಸ್‌ಸಿಗೂ ಉಳಿಗಾಲವಿಲ್ಲ.

ರೇಟಿನ ಬಗ್ಗೆ ಆ ಲೇತಿನ ಮಿಸ್ತ್ರಿ ಒಮ್ಮೆ ಹೇಳಿದ್ದು ಹೀಗೆ: "ನೂರು ಪೀಸ್ ಇದ್ರ ರೇಟ್ ಕಡಿಮಿ ಮಾಡ್ತೀನಿ ತಮ್ಮಾ. ಒಂದ ಪೀಸಿಗೂ ಚಕ್ ಬಿಚ್ಚಿ ಕಟ್ಟಾದು ಅಷ್ಟ ಐತಿ." ಇದರಲ್ಲಿ ತಪ್ಪು ಎಲ್ಲಿದೆ? ಲಾರಿ ಮಾಲೀಕನ ಕೆಲಸ ಪಕ್ಕಕ್ಕಿಟ್ಟು, ಲೇತು ಹೊಂದಿಸಿ, ನಮ್ಮ ಕಾಗದದ ಮೇಲಿನ ಅರೆಬರೆ ಚಿತ್ರ ಅರ್ಥ ಮಾಡಿಕೊಂಡು, ಅದರಲ್ಲಿ ತಪ್ಪಿದ್ದರೆ ತಾನೇ ತಿದ್ದಿ, ಒಂದೇ ಒಂದು ಪೀಸು ಮಾಡಿಕೊಡುತ್ತಾನೆ. ಅವನ ಕೂಲಿಯಲ್ಲಿ ಇನ್ನೂರು ಉಳಿಸಿ ನಾವು ಎಷ್ಟು ಮುಂದೆ ಹೋಗುತ್ತೇವೆ?

ಇನ್ನೊಂದು ಮಾತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿಗಳು ಸಾಲುಸಾಲಾಗಿ ನಿಂತವು. ಆ ಅಕ್ರಮ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾರಿ ನಂಬಿ ಬದುಕುತ್ತಿದ್ದ ಲೇತು, ವೆಲ್ಡಿಂಗ್, ಪಟ್ಟಿ ಕೆಲಸದವರಿಗೆ ಕೆಲಸ ಇಲ್ಲದಂತಾಯಿತು. ಎಷ್ಟೋ ಜನ ಶೆಟರ್ ಎಳೆದು ಬೇರೆ ದಾರಿ ಹಿಡಿದರು. ಉಳಿದುಕೊಂಡವರ ಮಕ್ಕಳು ಈ ಕೆಲಸಕ್ಕೆ ಬರುತ್ತಿಲ್ಲ. ನಮ್ಮ ಊರಿನ ತಂಡಗಳಿಗೆ ಇರುವ ದೊಡ್ಡ ಆಸ್ತಿ ಈ ಕೈಗಳು. ಬಜೆಟ್ ಹಾಳೆಯಲ್ಲಿ ಕೂಲಿಯನ್ನು ಕೊನೆಯ ಸಾಲಿನಲ್ಲಿ, "ಇತರೆ" ಅಂತ ಬರೆಯುವುದನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನಮ್ಮ ಗುಂಪಿನಲ್ಲಿ ಅದು ಮೊದಲ ಸಾಲು. ಕೇಳಿದಷ್ಟು ಕೊಡುತ್ತೇವೆ. ಉಳಿಸಬೇಕಿದ್ದರೆ ಬೇರೆ ಕಡೆ ಉಳಿಸುತ್ತೇವೆ, ತಂಡ ತಂಡಗಳು ಒಂದೇ ರಿಮೋಟು, ಒಂದೇ ಚಾರ್ಜರು ಹಂಚಿಕೊಳ್ಳುತ್ತವೆ.

ಉಳಿಸಲೇಬಾರದ ಜಾಗಗಳೂ ಇವೆ. ಬ್ಯಾಟರಿ ಒಂದು. ಲೀಪೋ ಸೆಲ್ಲನ್ನು 4.2 ವೋಲ್ಟಿಗಿಂತ ಮೇಲೆ ಏರಿಸಬಾರದು, ಸುಮ್ನೆ ಇಡುವಾಗ ಸುಮಾರು 3.8 ವೋಲ್ಟಿನಲ್ಲಿ ಇಡಬೇಕು. ನಮ್ಮ ಬೇಸಿಗೆ ಗೊತ್ತಲ್ಲ, ಏಪ್ರಿಲ್ ಮೇ ಬಂತೆಂದರೆ ನಲವತ್ತು ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನೊಳಗೆ ಪೂರ್ತಿ ಚಾರ್ಜು ಮಾಡಿ ಬಿಟ್ಟ ಬ್ಯಾಟರಿ ಬೇಗ ಉಬ್ಬಿಕೊಳ್ಳುತ್ತದೆ. ಉಬ್ಬಿದ್ದನ್ನು ಇನ್ನೊಂದು ಫೈಟಿಗೆ ಆಗುತ್ತದೆ ಅಂತ ಹಾಕುವುದು ಬೆಂಕಿಯ ಜೊತೆ ಆಟ. ಪ್ರತಿ ಸೆಲ್ಲನ್ನೂ ನೋಡಿಕೊಂಡು ಚಾರ್ಜು ಮಾಡುವ ಬ್ಯಾಲೆನ್ಸ್ ಚಾರ್ಜರು, ಬೆಂಕಿ ತಡೆಯುವ ಚೀಲ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಇವು ಬಜೆಟ್ಟಿನಲ್ಲಿ ಇಲ್ಲದಿದ್ದರೆ ರೋಬೋ ಬೇಡವೇ ಬೇಡ. ಕಣ್ಣಿಗೆ ಹಾಕುವ ಕನ್ನಡಕವೂ ಅಷ್ಟೇ.

ಕುರುಗೋಡು ಕಡೆ ಮೆಣಸಿನಕಾಯಿ ಬೆಳೆಯುವ ಒಬ್ಬ ತಂದೆ ಬಂದು ಒಮ್ಮೆ ನನ್ನನ್ನು ಕೇಳಿದರು, "ಸಾರ್, ಆ ರೊಕ್ಕಕ್ಕ ಒಂದು ಹಳೇ ಗಾಡಿ ಬರ್ತಿತ್ತು. ಮುರಿಯಾಕಂತನ ಯಾಕ ಮಾಡಬೇಕು?" ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಮೆಣಸಿನಕಾಯಿ ರೇಟು ಬಿದ್ದ ವರ್ಷ ಹದಿನೈದು ಸಾವಿರ ಅಂದರೆ ಏನು ಅಂತ ಅವರಿಗೆ ಗೊತ್ತು. ನಾನು ಹೇಳಿದ್ದು ಇಷ್ಟು: ನಿಮ್ಮ ಮಗಳು ಒಬ್ಬಳೇ ಹಾಕುವುದಿಲ್ಲ, ಐದು ಜನ ಸೇರಿ ಹಾಕುತ್ತಾರೆ, ಸಾಲ ಮಾಡಿ ಯಾರೂ ಹಾಕಬಾರದು ಅಂತ ನಮ್ಮಲ್ಲಿ ಕಟ್ಟುನಿಟ್ಟು ಇದೆ. ಮತ್ತೆ ಅವಳು ಕೈಯಾರೆ ಮಾಡಿದ್ದು ಮುರಿದಾಗ ಯಾಕೆ ಮುರಿಯಿತು ಅಂತ ಬಿಚ್ಚಿ ನೋಡಿ, ಅಳತೆ ಬದಲಿಸಿ, ಮತ್ತೆ ಮಾಡುತ್ತಾಳೆ. ನಮ್ಮ ಪ್ಲಾಂಟಿನಲ್ಲಿ ಒಂದು ಗೇರ್‌ಬಾಕ್ಸ್ ನಿಂತಾಗ ಬೇಕಾಗುವುದು ಅದೇ ಕಣ್ಣು. ಕಾಲೇಜು ಲ್ಯಾಬಿನಲ್ಲಿ ಯಾವುದನ್ನೂ ಮುರಿಯಲು ಬಿಡುವುದಿಲ್ಲ, ಹಾಗಾಗಿ ಅದನ್ನು ಕಲಿಯುವ ಜಾಗ ಕಡಿಮೆ. ಅವರು ಪೂರ್ತಿ ಒಪ್ಪಿದರು ಅಂತ ಹೇಳಲಾರೆ. ಮಗಳನ್ನು ಮಾತ್ರ ಬಿಡಿಸಲಿಲ್ಲ.

ಈಗ ನಮ್ಮ ಮುಂದಿರುವ ದೊಡ್ಡ ಖರ್ಚು ರೋಬೋದ್ದಲ್ಲ, ಅರೀನಾದ್ದು. ಸರಿಯಾದ ಅರೀನಾ ಇಲ್ಲದೆ ಬ್ಲೇಡು ಪೂರ್ತಿ ವೇಗದಲ್ಲಿ ತಿರುಗಿಸಲು ನಾನು ಬಿಡುವುದಿಲ್ಲ. ಅಗ್ಗ ಅಂತ ಅಕ್ರಿಲಿಕ್ ಹಾಕುವಂತಿಲ್ಲ, ಅದು ಏಟಿಗೆ ಚೂರುಚೂರಾಗುತ್ತದೆ. ಪಾಲಿಕಾರ್ಬೊನೇಟೇ ಬೇಕು, ಅದೂ ದಪ್ಪದ್ದು, ಮೇಲೆ ಕೂಡ ಮುಚ್ಚಿರಬೇಕು. ಚೌಕಟ್ಟಿನ ಆ್ಯಂಗಲ್, ನೆಲದ ಪ್ಲೇಟು, ವೆಲ್ಡಿಂಗ್ ಇಲ್ಲೇ ಆಗುತ್ತದೆ. ಶೀಟಿನ ದುಡ್ಡೇ ಒಂದು ಊರಿನ ಹುಡುಗರಿಗೆ ಭಾರ. ರಾಯಚೂರಿನಲ್ಲಿ, ಕೊಪ್ಪಳದಲ್ಲಿ, ಹೊಸಪೇಟೆಯಲ್ಲಿ ಇದೇ ಯೋಚನೆಯಲ್ಲಿರುವ ತಂಡಗಳು ಇದ್ದೇ ಇರುತ್ತವೆ. ಪ್ರತಿ ಊರಿಗೂ ಒಂದು ಬೇಕಿಲ್ಲ. ಬಿಚ್ಚಿ ಒಂದು ಟಾಟಾ ಏಸ್‌ನಲ್ಲಿ ಹಾಕಿಕೊಂಡು ಹೋಗುವಂಥ, ಬೋಲ್ಟಿನಿಂದ ಜೋಡಿಸುವ ಒಂದೇ ಅರೀನಾ ಸಾಕು, ಅದು ಸರದಿ ಮೇಲೆ ಊರೂರು ತಿರುಗಲಿ. ಚೌಕಟ್ಟಿನ ಅಳತೆ ಹಾಕಿ ಆಗಿದೆ, ಮಿಸ್ತ್ರಿ ಕೂಲಿ ಎಷ್ಟಾಗುತ್ತದೆ ಅಂತ ಕೇಳಿ ಮೊದಲ ಸಾಲಿನಲ್ಲಿ ಬರೆದೂ ಆಗಿದೆ. ಶೀಟಿನ ದುಡ್ಡಿಗೆ ಕೈ ಜೋಡಿಸುವ ತಂಡಗಳು ಬೇಕಾಗಿವೆ. ಒಂದೂವರೆ ಕೆ.ಜಿ.ಯ ರೋಬೋ ಇದ್ದವರು, ಇಲ್ಲದಿದ್ದರೂ ಮಾಡುವ ಮನಸ್ಸಿರುವವರು, ಬನ್ನಿ.